ಮಳೆ ಅಷ್ಟೇ ಇದೆ, ಅಣೆಕಟ್ಟು ಮಾತ್ರ ಖಾಲಿ: ತೈವಾನಿನ ನೂರು ವರ್ಷದ ಹವಾಮಾನ ಲೆಕ್ಕ

ತೈವಾನಿನಲ್ಲಿ ವರ್ಷಕ್ಕೆ ಸರಾಸರಿ 2,500 ಮಿಲಿಮೀಟರ್ ಮಳೆ ಬೀಳುತ್ತದೆ. ಬೆಂಗಳೂರಿಗೆ ಬೀಳುವುದರ ಎರಡೂವರೆ ಪಟ್ಟು. ನೂರು ವರ್ಷಕ್ಕೂ ಹಿಂದಿನಿಂದ ಬರೆದಿಟ್ಟ ದಾಖಲೆ ನೋಡಿದರೆ ಈ ಮೊತ್ತ ಏರುತ್ತಿದೆ ಎಂದೂ ಹೇಳುವ ಹಾಗಿಲ್ಲ, ಇಳಿಯುತ್ತಿದೆ ಎಂದೂ ಹೇಳುವ ಹಾಗಿಲ್ಲ. ಒಂದು ವರ್ಷ ಜಾಸ್ತಿ, ಇನ್ನೊಂದು ವರ್ಷ ಕಡಿಮೆ, ಅಷ್ಟೇ.

ಇಂಥ ದ್ವೀಪದಲ್ಲಿ 2021ರ ಏಪ್ರಿಲ್ ಹೊತ್ತಿಗೆ ಏನಾಗಿತ್ತು ಗೊತ್ತಾ? ಪ್ರವಾಸಿಗರು ದೋಣಿಯಲ್ಲಿ ಸುತ್ತುತ್ತಿದ್ದ ಸನ್ ಮೂನ್ ಲೇಕ್‌ನ ಅಂಚಿನ ನೆಲ ಒಣಗಿ ಬಿರುಕು ಬಿಟ್ಟಿತ್ತು. ತೈಚುಂಗ್ ಮತ್ತು ಮಿಯಾವೋಲಿಯಲ್ಲಿ ವಾರಕ್ಕೆ ಎರಡು ದಿನ ನಲ್ಲಿ ನೀರು ಬಂದ್ ಮಾಡಿದ್ದರು. ಅದಕ್ಕೂ ಮೊದಲೇ ಸುಮಾರು 74,000 ಹೆಕ್ಟೇರ್ ಗದ್ದೆಗಳಿಗೆ ನಾಲೆ ನೀರು ನಿಲ್ಲಿಸಲಾಗಿತ್ತು. ಅರ್ಧ ಶತಮಾನದಲ್ಲೇ ಅತಿ ಕೆಟ್ಟ ಬರ ಎಂದು ಸರ್ಕಾರವೇ ಒಪ್ಪಿಕೊಂಡಿತು.

ಒಟ್ಟು ಮಳೆ ಬದಲಾಗಿಲ್ಲ, ಆದರೂ ಬರ. ಅಂದರೆ ಮಳೆಯ ಮೊತ್ತ ನೋಡಿ ನೀರಿನ ಪರಿಸ್ಥಿತಿ ಹೇಳುವುದು ತಪ್ಪು ಲೆಕ್ಕ ಅಂತಾಯಿತು. ಹಾಗಾದರೆ ಯಾವ ಅಂಕಿ ನೋಡಬೇಕು? ತೈವಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಜಾಗ ಚಿಕ್ಕದು, ದಾಖಲೆ ಹಳೆಯದು, ಏರುಪೇರು ಮಾತ್ರ ಬಹಳ ದೊಡ್ಡದು.

ಉಷ್ಣತೆಯ ಕಥೆ ಸರಳ

ಜಪಾನೀಯರು 1895ರಲ್ಲಿ ಈ ದ್ವೀಪವನ್ನು ವಶಕ್ಕೆ ತೆಗೆದುಕೊಂಡರು. ಬಂದ ಒಂದೆರಡು ವರ್ಷದಲ್ಲೇ ತೈಪೆ, ತೈಚುಂಗ್, ತೈನಾನ್, ದಕ್ಷಿಣದ ತುದಿಯ ಹೆಂಗ್‌ಚುನ್ ಮತ್ತು ಪಶ್ಚಿಮದ ಪೆಂಗ್‌ಹು ದ್ವೀಪಗಳಲ್ಲಿ ಹವಾಮಾನ ಕೇಂದ್ರಗಳನ್ನು ತೆರೆದರು. ವಸಾಹತು ಆಡಳಿತಕ್ಕೆ ಅದರದೇ ಕಾರಣಗಳಿದ್ದವು: ಹಡಗು, ಕಬ್ಬು, ಅಕ್ಕಿ. ಕಾರಣ ಏನೇ ಇರಲಿ, ಇವತ್ತಿನ ವಿಜ್ಞಾನಿಗಳಿಗೆ ನೂರು ವರ್ಷ ಮೀರಿದ ಸರಣಿ ಸಿಕ್ಕಿತು. ಏಷ್ಯಾದಲ್ಲಿ ಇಷ್ಟು ಉದ್ದದ ದಾಖಲೆ ಎಲ್ಲ ಕಡೆ ಸಿಗುವುದಿಲ್ಲ.

ಆ ಸರಣಿಯ ಪ್ರಕಾರ, 1911ರಿಂದ ಈಚೆಗೆ ದ್ವೀಪದ ಸರಾಸರಿ ಉಷ್ಣತೆ ಸುಮಾರು 1.6 ಡಿಗ್ರಿ ಸೆಲ್ಸಿಯಸ್ ಏರಿದೆ. ಇದು ಜಗತ್ತಿನ ಸರಾಸರಿ ಏರಿಕೆಗಿಂತ ಜಾಸ್ತಿ. ಏರಿಕೆಯ ವೇಗವೂ ಇತ್ತೀಚಿನ ದಶಕಗಳಲ್ಲೇ ಹೆಚ್ಚು. ಹಗಲಿಗಿಂತ ರಾತ್ರಿಯ ಉಷ್ಣತೆ ಬೇಗ ಏರುತ್ತಿದೆ. ತೈಪೆ ಬೆಟ್ಟಗಳ ನಡುವಿನ ಬಟ್ಟಲಿನಂಥ ತಗ್ಗಿನಲ್ಲಿದೆ. ಅಲ್ಲಿ ಬಿಸಿ ಸೇರಿಕೊಂಡರೆ ಹೊರಗೆ ಹೋಗುವುದು ಕಷ್ಟ. 2020ರ ಜುಲೈ 24ರಂದು ಅಲ್ಲಿ 39.7 ಡಿಗ್ರಿ ದಾಖಲಾಯಿತು. ಕೇಂದ್ರ ಶುರುವಾದ ಮೇಲೆ ಅಂಥ ಬಿಸಿಲು ಅದೇ ಮೊದಲು.

ಇಲ್ಲೊಂದು ತಕರಾರು ಬರುತ್ತದೆ, ನ್ಯಾಯವಾದ ತಕರಾರೇ. ನೂರು ವರ್ಷದ ಹಿಂದೆ ಗದ್ದೆಯ ಪಕ್ಕ ಇದ್ದ ಥರ್ಮಾಮೀಟರ್ ಇವತ್ತು ಕಾಂಕ್ರೀಟ್ ನಡುವೆ ನಿಂತಿದೆ. ಅದು ತೋರಿಸುವುದು ಭೂಮಿಯ ಬಿಸಿಯನ್ನೋ, ಊರಿನ ಬಿಸಿಯನ್ನೋ? ಎರಡನ್ನೂ. ನಗರದ ಕೇಂದ್ರಗಳಲ್ಲಿ ಡಾಂಬರು, ಕಟ್ಟಡ, ಏಸಿಗಳ ಪಾಲೂ ಸೇರಿದೆ. ಆದರೆ ಪೆಂಗ್‌ಹು ಸಮುದ್ರದ ನಡುವೆ ಇದೆ, ಅಲಿಶಾನ್ ಕೇಂದ್ರ ಎರಡು ಸಾವಿರ ಮೀಟರಿಗೂ ಮೇಲೆ ಕಾಡಿನಲ್ಲಿದೆ. ಅಲ್ಲೂ ಗೆರೆ ಮೇಲಕ್ಕೇ ಹೋಗಿದೆ. ಅದಕ್ಕೇ ಪೂರ್ತಿ ತಪ್ಪನ್ನು ಊರಿನ ಮೇಲೆ ಹೊರಿಸಲು ಆಗುವುದಿಲ್ಲ.

ಬಿಸಿ ಏರಿದ್ದು ಜನರಿಗೆ ಗೊತ್ತಾಗುವುದು ಡಿಗ್ರಿಯಲ್ಲಲ್ಲ, ಕ್ಯಾಲೆಂಡರಿನಲ್ಲಿ. ಇಪ್ಪತ್ತನೇ ಶತಮಾನದ ಬಹುಪಾಲು ಅಲ್ಲಿನ ಚಳಿಗಾಲ ಸುಮಾರು 70 ದಿನ ಇತ್ತು. ಈ ಶತಮಾನದಲ್ಲಿ ಅದು 20ರಿಂದ 40 ದಿನಕ್ಕೆ ಇಳಿದಿದೆ. ಬೇಸಿಗೆ 120ರಿಂದ 150 ದಿನಕ್ಕೆ ಹಿಗ್ಗಿದೆ. ದಕ್ಷಿಣದ ಲಿಚಿ ಬೆಳೆಗಾರರಿಗೆ ಇದರ ಅರ್ಥ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಲಿಚಿ ಮರ ಹೂ ಬಿಡಬೇಕಾದರೆ ಚಳಿಗಾಲದಲ್ಲಿ ಒಂದಿಷ್ಟು ದಿನ ತಣ್ಣಗಿನ ಒಣ ಹವೆ ಬೇಕು. ಅದು ಸಿಗದಿದ್ದರೆ ಮರ ಸುಮ್ನೆ ಚಿಗುರು ಒಡೆಯುತ್ತದೆ. ಎಲೆ ಬರುತ್ತದೆ, ಹಣ್ಣು ಬರುವುದಿಲ್ಲ.

ಸೊಳ್ಳೆಗೂ ಇದೇ ಕ್ಯಾಲೆಂಡರ್. ಡೆಂಗಿ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಅಲ್ಲಿ ದಕ್ಷಿಣದ ಜಿಲ್ಲೆಗಳಿಗೆ ಸೀಮಿತ. ಉತ್ತರದ ಚಳಿ ಅದಕ್ಕೆ ಬೇಲಿ ಹಾಕಿತ್ತು. 2015ರಲ್ಲಿ ತೈನಾನ್ ಮತ್ತು ಕಾವೋಸ್ಯುಂಗ್‌ನಲ್ಲಿ ಡೆಂಗಿ ಪ್ರಕರಣ 40,000 ದಾಟಿತು. 2023ರಲ್ಲಿ ತೈನಾನ್ ಮತ್ತೆ ತತ್ತರಿಸಿತು. ಬೆಚ್ಚಗಿನ ಚಳಿಗಾಲ ಬೇಲಿಯನ್ನು ಎಷ್ಟು ಉತ್ತರಕ್ಕೆ ಸರಿಸುತ್ತದೆ ಎನ್ನುವುದು ಈಗ ಅಲ್ಲಿನ ಆರೋಗ್ಯ ಇಲಾಖೆಯ ತಲೆನೋವು. ಹಾಗಂತ ಚಳಿಯೇ ಮಾಯವಾಗಿದೆ ಎಂದು ತಿಳಿಯಬೇಡಿ. 2016ರ ಜನವರಿಯಲ್ಲಿ ತೈಪೆ ಸುತ್ತಲಿನ ಗುಡ್ಡಗಳ ಮೇಲೆ ಹಿಮ ಬಿತ್ತು, ಮೀನುಕೊಳಗಳಲ್ಲಿ ಮೀನು ಸತ್ತವು. ಸರಾಸರಿ ಏರುವುದಕ್ಕೂ ಒಂದು ವಾರ ಕೊರೆಯುವುದಕ್ಕೂ ಜಗಳ ಇಲ್ಲ.

ಮಳೆಯ ಕಥೆ ಸರಳ ಅಲ್ಲ

ಮೊದಲು ನೆಲ ನೋಡೋಣ. ತೈವಾನಿನ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರ್, ಕೇರಳಕ್ಕಿಂತ ಸ್ವಲ್ಪ ಚಿಕ್ಕದು. ಅಷ್ಟರೊಳಗೆ 3,000 ಮೀಟರ್ ಮೀರಿದ ಶಿಖರಗಳು ಇನ್ನೂರಕ್ಕೂ ಹೆಚ್ಚು. ಅತಿ ಎತ್ತರದ್ದು ಯೂಶಾನ್, 3,952 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟು. ದ್ವೀಪದ ನಡುಬೆನ್ನಿಗೆ ಪರ್ವತ, ಎರಡೂ ಕಡೆ ಸಮುದ್ರ. ಹೆಂಚಿನ ಮಾಡಿನ ಮೇಲೆ ಬಿದ್ದ ನೀರಿನ ಹಾಗೆ ಮಳೆ ಜಾರಿ ಹೋಗುತ್ತದೆ. ಅತಿ ಉದ್ದದ ನದಿ ಝುವೊಶುಯ್ ಕೂಡ 186 ಕಿಲೋಮೀಟರ್ ಮಾತ್ರ. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ನೀರು ಕಡಲು ಸೇರುತ್ತದೆ.

ಎರಡನೆಯದು ಕಾಲ. ವರ್ಷದ ಮಳೆಯ ಮುಕ್ಕಾಲು ಪಾಲಿಗೂ ಹೆಚ್ಚು ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಬೀಳುತ್ತದೆ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಕೀಲುಂಗ್, ಯೀಲಾನ್ ಕಡೆಗೆ ಮಳೆ ತರುತ್ತದೆ. ಕೀಲುಂಗಿಗೆ ಮಳೆಯ ಬಂದರು ಎಂದೇ ಹೆಸರು. ಆದರೆ ಬೆಟ್ಟದ ಆ ಬದಿಯ ನೈಋತ್ಯ ಬಯಲು ಆಗ ಪೂರ್ತಿ ಒಣ. ಅಲ್ಲಿ ಶೇ 90ರಷ್ಟು ಮಳೆ ಆ ಆರು ತಿಂಗಳಲ್ಲೇ ಮುಗಿಯುತ್ತದೆ. ಘಟ್ಟದ ಈಚೆ ಆಗುಂಬೆ, ಆಚೆ ಚಿತ್ರದುರ್ಗ ಎಂದು ಬಲ್ಲ ನಮಗೆ ಇದನ್ನು ವಿವರಿಸಬೇಕಿಲ್ಲ, ಅಲ್ವಾ?

ಮೂರನೆಯದೇ ಮುಖ್ಯ: ನೀರು ಬರುವ ದಾರಿ. ಮೇ, ಜೂನ್‌ನಲ್ಲಿ ಚೀನಾದಿಂದ ಜಪಾನಿನವರೆಗೆ ಹಾಸಿಕೊಳ್ಳುವ ಮೋಡದ ಪಟ್ಟಿಯೊಂದು ಮಳೆ ಸುರಿಸುತ್ತದೆ. ಪ್ಲಮ್ ಹಣ್ಣಾಗುವ ಕಾಲದ ಮಳೆ ಅದು, ಅಲ್ಲಿನವರು ಅದೇ ಹೆಸರಿನಿಂದ ಕರೆಯುತ್ತಾರೆ. ಆಮೇಲೆ ಟೈಫೂನ್‌ಗಳ ಸರದಿ. ವರ್ಷಕ್ಕೆ ಮೂರು ನಾಲ್ಕು ಟೈಫೂನ್ ದ್ವೀಪವನ್ನು ತಟ್ಟುವುದು ವಾಡಿಕೆ. ಮನೆ ಹಾರಿಸಿ, ಗುಡ್ಡ ಕುಸಿಸಿ, ಜನರ ಪ್ರಾಣ ತೆಗೆಯುವ ಈ ಚಂಡಮಾರುತಗಳೇ ಅಣೆಕಟ್ಟು ತುಂಬಿಸುವುದೂ. ಬಂದರೂ ಕಷ್ಟ, ಬರದಿದ್ದರೂ ಕಷ್ಟ. ಇಡೀ ನೀರಿನ ವ್ಯವಸ್ಥೆ ನಿಂತಿರುವುದು ಈ ಭಯಂಕರ ಅತಿಥಿಯ ಮೇಲೆ.

2020ರಲ್ಲಿ ಒಂದೇ ಒಂದು ಟೈಫೂನ್ ಕೂಡ ತೈವಾನಿನ ನೆಲಕ್ಕೆ ಅಪ್ಪಳಿಸಲಿಲ್ಲ. 56 ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಜನ ನಿಟ್ಟುಸಿರು ಬಿಟ್ಟರು. ನೀರಾವರಿ ಎಂಜಿನಿಯರುಗಳಿಗೆ ಮಾತ್ರ ಆಗಲೇ ಗೊತ್ತಿತ್ತು. 2021ರ ಮೇ ಹೊತ್ತಿಗೆ ದೇಶದ ಅತಿ ದೊಡ್ಡ ಜಲಾಶಯ ತ್ಸೆಂಗ್‌ವೆನ್‌ನಲ್ಲಿ ಶೇ 10ಕ್ಕಿಂತ ಕಡಿಮೆ ನೀರು ಉಳಿದಿತ್ತು. ಮೇ ಕೊನೆಯಲ್ಲಿ ಪ್ಲಮ್ ಮಳೆ ಬಂದಿತು, ಜೂನ್ ಮೊದಲ ವಾರದಲ್ಲಿ ಬಂದ್ ತೆಗೆದರು. ನೀರಿನ ಬಂದ್ ಮಾಡಲು ತಿಂಗಳುಗಟ್ಟಲೆ ಸಭೆ ನಡೆದಿತ್ತು, ತೆಗೆಯಲು ಕೆಲವು ದಿನದ ಮಳೆ ಸಾಕಾಯಿತು.

2019ರ ಆಗಸ್ಟ್‌ನ ಬೈಲು ಟೈಫೂನ್ ಆದ ಮೇಲೆ ನಾಲ್ಕು ವರ್ಷ ಯಾವುದೂ ದಡ ಸೇರಲಿಲ್ಲ. 2023ರ ವಸಂತದಲ್ಲಿ ದಕ್ಷಿಣ ಮತ್ತೆ ಬರಕ್ಕೆ ಬಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕುಯ್ ಬಂದು ಆ ಸರಣಿ ಮುರಿಯಿತು. ಮರುವರ್ಷ, 2024ರಲ್ಲಿ, ಮೂರು ಒಟ್ಟೊಟ್ಟಿಗೆ: ಜುಲೈನಲ್ಲಿ ಗೇಮಿ, ಅಕ್ಟೋಬರ್ ಶುರುವಿನಲ್ಲಿ ಕ್ರಥಾನ್, ಅದೇ ತಿಂಗಳ 31ಕ್ಕೆ ಕಾಂಗ್-ರೇ. ಅಕ್ಟೋಬರ್ ಕೊನೆಗೆ ಅಷ್ಟು ದೊಡ್ಡ ಟೈಫೂನ್ ಎಂದರೆ ಅಲ್ಲಿನವರೂ ಹುಬ್ಬೇರಿಸಿದರು.

ಒಂದು ಬರ, ಒಂದು ಟೈಫೂನ್ ನೋಡಿ ಹವಾಮಾನ ಬದಲಾಗಿದೆ ಎಂದುಬಿಡುವುದು ಸರಿಯಲ್ಲ. ಟೈಫೂನ್ ಯಾವ ದಾರಿ ಹಿಡಿಯುತ್ತದೆ ಎನ್ನುವುದರಲ್ಲಿ ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ, ತಣ್ಣಗಾಗುವ ಲಾ ನಿನಾ, ಅದರ ಮೇಲಿನ ಅಧಿಕ ಒತ್ತಡದ ವಲಯ, ಬರೀ ಅದೃಷ್ಟ, ಎಲ್ಲದರ ಕೈವಾಡ ಇದೆ. 1964ರಲ್ಲೂ ಒಂದೂ ಟೈಫೂನ್ ಬಂದಿರಲಿಲ್ಲ. ಆಗ ಯಾರೂ ಇಂಗಾಲವನ್ನು ಬೈದಿರಲಿಲ್ಲ.

ಆದರೆ ಉದ್ದದ ದಾಖಲೆಯಲ್ಲಿ ಕಾಣುವ ಮೂರು ಗುರುತುಗಳನ್ನು ಅದೃಷ್ಟ ಎಂದು ತಳ್ಳಿಹಾಕಲು ಬರುವುದಿಲ್ಲ. ಮಳೆ ಬೀಳುವ ದಿನಗಳೇ ಕಡಿಮೆಯಾಗಿವೆ. ಕಡಿಮೆಯಾಗಿರುವುದು ಮುಖ್ಯವಾಗಿ ಜಿಟಿಜಿಟಿ ಮಳೆ, ಸೋನೆ ಮಳೆ. ಎರಡನೆಯದಾಗಿ, ಮಳೆಯೇ ಇಲ್ಲದೆ ಸತತವಾಗಿ ಕಳೆಯುವ ದಿನಗಳ ಗರಿಷ್ಠ ಉದ್ದ ನೂರು ವರ್ಷದಲ್ಲಿ ಐದು ದಿನಕ್ಕೂ ಸ್ವಲ್ಪ ಹೆಚ್ಚು ಬೆಳೆದಿದೆ. ಮೂರನೆಯದಾಗಿ, 1960ರಿಂದ ಈಚೆಗೆ ಮಳೆ ಕೈಕೊಟ್ಟ ವರ್ಷಗಳು ಅದಕ್ಕೂ ಹಿಂದಿನ ಅರವತ್ತು ವರ್ಷಗಳಿಗಿಂತ ಹೆಚ್ಚು ಸಲ ಬಂದಿವೆ. ಇದರ ಜೊತೆಗೆ ಸುರಿಯುವ ದಿನ ಜೋರಾಗಿ ಸುರಿಯುತ್ತದೆ. ಹಾಗಾಗಿ ವರ್ಷದ ಕೊನೆಗೆ ಕೂಡಿದರೆ ಮೊತ್ತ ಅದೇ. ಸರಾಸರಿ ಹೇಳಿದ್ದು ಸುಳ್ಳಲ್ಲ, ಆದರೆ ಅದು ಕೇಳಬೇಕಾದ ಪ್ರಶ್ನೆಗೆ ಉತ್ತರವಲ್ಲ.

ಇದರ ಹಿಂದಿನ ಭೌತಶಾಸ್ತ್ರ ಕಷ್ಟದ್ದೇನಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಬಿಸಿ ಸಮುದ್ರದಿಂದ ಆ ಆವಿ ಧಾರಾಳವಾಗಿ ಸಿಗುತ್ತದೆ. ಪರ್ವತಕ್ಕೆ ಢಿಕ್ಕಿ ಹೊಡೆದಾಗ ಎಲ್ಲ ಒಟ್ಟಿಗೆ ಸುರಿಯುತ್ತದೆ. ಅದೇ ಬಿಸಿ, ಮಳೆ ಇಲ್ಲದ ದಿನಗಳಲ್ಲಿ ಕೆರೆ, ಮಣ್ಣು, ಎಲೆಗಳಿಂದ ನೀರನ್ನು ಬೇಗ ಬೇಗ ಹೀರುತ್ತದೆ. ಅದಕ್ಕೇ ಮಳೆ ಮೊದಲಿನಷ್ಟೇ ಕೊರತೆಯಾದರೂ ಬರ ಮೊದಲಿಗಿಂತ ಕಠಿಣವಾಗಿರುತ್ತದೆ.

ನೆರೆ ಹೋದ ಮೇಲೂ ಉಳಿಯುವ ನಷ್ಟ

2009ರ ಆಗಸ್ಟ್. ಮೊರಾಕಾಟ್ ಎಂಬ ಟೈಫೂನ್. ಗಾಳಿಯ ಲೆಕ್ಕದಲ್ಲಿ ಅದು ಅಂಥ ಬಲಶಾಲಿಯಲ್ಲ, ನಡುತರದ್ದು. ಆದರೆ ಅದು ನಿಧಾನವಾಗಿ ನಡೆಯಿತು. ನೈಋತ್ಯದ ಮುಂಗಾರು ಗಾಳಿಯನ್ನೂ ಎಳೆದುಕೊಂಡಿತು. ಅಲಿಶಾನ್‌ನಲ್ಲಿ 48 ಗಂಟೆಯಲ್ಲಿ 2,361 ಮಿಲಿಮೀಟರ್ ಮಳೆ ದಾಖಲಾಯಿತು. ಬೆಂಗಳೂರಿಗೆ ಸಾಮಾನ್ಯವಾಗಿ ಎರಡು ವರ್ಷದಲ್ಲೂ ಅಷ್ಟು ಬೀಳುವುದಿಲ್ಲ. ಶ್ಯಾವೊಲಿನ್ ಎಂಬ ಹಳ್ಳಿಯ ಮೇಲೆ ಗುಡ್ಡವೇ ಕುಸಿದು 400ಕ್ಕೂ ಹೆಚ್ಚು ಜನ ಮಣ್ಣಿನಡಿ ಹೋದರು. ಇಡೀ ದ್ವೀಪದಲ್ಲಿ ಸತ್ತವರು ಏಳುನೂರರ ಹತ್ತಿರ. ಪ್ರಧಾನಿಯಾಗಿದ್ದ ಲ್ಯೂ ಚಾವೊ-ಶ್ಯುವಾನ್ ಮುಂದಿನ ತಿಂಗಳು ರಾಜೀನಾಮೆ ಕೊಟ್ಟರು.

ಸುದ್ದಿಯಲ್ಲಿ ಇಷ್ಟು ಬಂತು. ಕಡಿಮೆ ಸುದ್ದಿಯಾದದ್ದು ಇನ್ನೊಂದಿದೆ. ಆ ಒಂದೇ ನೆರೆಯಲ್ಲಿ ತ್ಸೆಂಗ್‌ವೆನ್ ಜಲಾಶಯದೊಳಗೆ 9 ಕೋಟಿ ಘನ ಮೀಟರಿಗೂ ಹೆಚ್ಚು ಹೂಳು ಬಂದು ಕೂತಿತು. ನಮ್ಮ ಲೆಕ್ಕಕ್ಕೆ ಹೇಳುವುದಾದರೆ 3 ಟಿಎಂಸಿಗೂ ಮೇಲೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದದ್ದು ಕೊಪ್ಪಳ, ಬಳ್ಳಾರಿ, ರಾಯಚೂರಿನ ರೈತರಿಗೆ ಗೊತ್ತಿರುವ ಸಂಗತಿ. ಅದಕ್ಕೆ ದಶಕಗಳು ಹಿಡಿದವು. ತ್ಸೆಂಗ್‌ವೆನ್‌ಗೆ ಕೆಲವೇ ದಿನ ಸಾಕಾಯಿತು.

ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ. ನೆರೆ ಮತ್ತು ಬರವನ್ನು ನಾವು ಎರಡು ಬೇರೆ ವಿಪತ್ತು ಎಂದು ಎಣಿಸುತ್ತೇವೆ, ಎರಡು ಬೇರೆ ಕಡತ ಮಾಡುತ್ತೇವೆ. ತೈವಾನಿನಲ್ಲಿ 2009ರ ನೆರೆಯೇ 2021ರ ಬರದ ಒಂದು ಕಾರಣ. ನೀರು ನಿಲ್ಲಬೇಕಾದ ಜಾಗದಲ್ಲಿ ಮಣ್ಣು ನಿಂತಿತ್ತು. 1999ರ ದೊಡ್ಡ ಭೂಕಂಪ ಮೊದಲೇ ಗುಡ್ಡಗಳನ್ನು ಸಡಿಲ ಮಾಡಿಟ್ಟಿತ್ತು. ಜೋರು ಮಳೆ ಆ ಸಡಿಲ ಮಣ್ಣನ್ನು ಕೊಚ್ಚಿ ತರುತ್ತದೆ, ಜಲಾಶಯ ಚಿಕ್ಕದಾಗುತ್ತದೆ, ಮುಂದಿನ ಒಣ ದಿನಗಳಿಗೆ ಕೂಡಿಡುವ ನೀರು ಕಡಿಮೆಯಾಗುತ್ತದೆ. ಹೊಸ ಅಣೆಕಟ್ಟು ಕಟ್ಟೋಣ ಎಂದರೆ ಒಳ್ಳೆಯ ಜಾಗಗಳೆಲ್ಲ ಮುಗಿದಿವೆ, ಊರು ಬಿಡಲು ಜನ ಒಪ್ಪುವುದಿಲ್ಲ. ಅದಕ್ಕೇ ಈಗ ಜಲಾಶಯದ ತಳದಿಂದ ಕೆಸರು ನೀರನ್ನು ಹೊರಗೆ ಉಗುಳುವ ಸುರಂಗ ಕೊರೆದಿದ್ದಾರೆ. ಬರ ಬಂದಾಗ ತಳ ಕಂಡರೆ ಲಾರಿ ಇಳಿಸಿ ಹೂಳು ಎತ್ತುತ್ತಾರೆ. 2021ರಲ್ಲಿ ಮಾಡಿದ್ದೂ ಅದನ್ನೇ.

ನೀರು ಯಾರಿಗೆ, ಬೀಳು ಯಾರಿಗೆ

ತೈವಾನಿನ ನೀರಿನಲ್ಲಿ ಸುಮಾರು ಶೇ 70 ಕೃಷಿಗೆ, ಶೇ 20 ಮನೆಗಳಿಗೆ, ಶೇ 10 ಕೈಗಾರಿಕೆಗೆ. ಆ ಶೇ 10ರೊಳಗೆ ಚಿಪ್ ಕಾರ್ಖಾನೆಗಳಿವೆ. ಚಿಪ್ ತಯಾರಿಸುವ ಟಿಎಸ್‌ಎಂಸಿ ಕಂಪನಿ 2019ರಲ್ಲಿ ದಿನಕ್ಕೆ ಸುಮಾರು 1,56,000 ಟನ್ ನೀರು ಬಳಸುತ್ತಿತ್ತು. ಅಂದರೆ 15.6 ಕೋಟಿ ಲೀಟರ್. ಸಿಲಿಕಾನ್ ಬಿಲ್ಲೆಗಳನ್ನು ಹಂತ ಹಂತದಲ್ಲೂ ಅತಿ ಶುದ್ಧ ನೀರಿನಲ್ಲಿ ತೊಳೆಯಬೇಕು. ನಮ್ಮ ಕೈಯಲ್ಲಿರುವ ಫೋನಿನೊಳಗೂ ಆ ನೀರಿನ ಪಾಲು ಇದೆ ಎನ್ನಬಹುದು.

ಬರ ಬಂದಾಗ ಸರ್ಕಾರ ಮೊದಲು ಮುಟ್ಟಿದ್ದು ಗದ್ದೆಯನ್ನು. ರೈತರಿಗೆ ಪರಿಹಾರ ಕೊಟ್ಟು ಭೂಮಿ ಬೀಳು ಬಿಡಿಸಿದರು. ಚಿಪ್ ಕಂಪನಿಗಳ ತವರು ಸಿಂಚುವಿನಲ್ಲಿ ನೀರು ಬಂದ್ ಆಗಲಿಲ್ಲ. ತಾವೊಯುವಾನ್‌ನಿಂದ ಅಲ್ಲಿಗೆ ಹೊಸ ಕೊಳವೆ ಮಾರ್ಗ 2021ರ ಫೆಬ್ರವರಿಗೆ ಸಿದ್ಧವಾಗಿತ್ತು. ಕಡಲತೀರದಲ್ಲಿ ದಿನಕ್ಕೆ 13,000 ಟನ್ ಸಿಹಿನೀರು ಮಾಡುವ ತುರ್ತು ಘಟಕವೂ ಎದ್ದಿತು. ಕಂಪನಿಗಳು ಟ್ಯಾಂಕರ್ ತರಿಸಿಕೊಂಡವು. ಲೆಕ್ಕಾಚಾರದಲ್ಲಿ ಇದು ಸರಿ: ಒಂದು ಟನ್ ನೀರಿಗೆ ಭತ್ತ ತರುವ ದುಡ್ಡೆಷ್ಟು, ಚಿಪ್ ತರುವ ದುಡ್ಡೆಷ್ಟು! ಆದರೆ ಪರಿಹಾರ ಸಿಗುವುದು ನಾಲೆ ನೀರಿನ ಜಮೀನಿಗೆ. ಅಕ್ಕಿ ಗಿರಣಿಯವರು, ಸಸಿ ಮಾರುವವರು, ಟ್ರ್ಯಾಕ್ಟರ್ ಬಾಡಿಗೆಯವರು, ಕೂಲಿಗೆ ಬರುವವರು, ಇವರ ಕೆಲಸವೂ ಅದರ ಜೊತೆ ನಿಲ್ಲುತ್ತದೆ. ಕಾವೇರಿ ಕೊಳ್ಳದಲ್ಲಿ ನಾಲೆಗೆ ನೀರು ಬಿಡಬೇಕೋ ಬೆಂಗಳೂರಿಗೆ ಉಳಿಸಬೇಕೋ ಎಂಬ ಜಗಳ ಕೇಳಿದವರಿಗೆ ಇದು ಹೊಸ ರಾಗವಲ್ಲ.

ನಾಲೆ ನೀರು ನಿಂತರೆ ರೈತ ಬೋರ್‌ವೆಲ್ ಕಡೆ ತಿರುಗುತ್ತಾನೆ, ಅಲ್ಲೂ ಅಷ್ಟೇ. ಯುನ್‌ಲಿನ್ ಜಿಲ್ಲೆಯಲ್ಲಿ ಅಂತರ್ಜಲ ಎತ್ತಿ ಎತ್ತಿ ನೆಲವೇ ಕುಸಿಯುತ್ತಿದೆ. ಅತಿವೇಗದ ರೈಲಿನ ಎತ್ತರಿಸಿದ ಹಳಿ ಹಾದುಹೋಗುವುದು ಅದೇ ನೆಲದ ಮೇಲೆ. ಮಳೆಯ ದಿನಗಳು ಕಡಿಮೆಯಾದದ್ದಕ್ಕೂ ರೈಲಿನ ಕಂಬಕ್ಕೂ ಸಂಬಂಧ ಹುಡುಕಬೇಕಾದರೆ ಹೀಗೆ ನಡುವೆ ಬೋರ್‌ವೆಲ್ ಇಟ್ಟು ನೋಡಬೇಕು.

ನೈಋತ್ಯದ ಈ ಬಯಲಿಗೆ ನೀರಿನ ಕೊರತೆ ಹೊಸದೇನಲ್ಲ. 1930ರಲ್ಲಿ ಹಟ್ಟಾ ಯೋಯಿಚಿ ಎಂಬ ಜಪಾನಿ ಎಂಜಿನಿಯರ್ ವುಶಾನ್‌ಟೌ ಜಲಾಶಯ ಮತ್ತು ಚಿಯಾನಾನ್ ನಾಲೆಗಳನ್ನು ಮುಗಿಸಿದಾಗ, ಇಡೀ ಬಯಲಿಗೆ ಒಟ್ಟಿಗೆ ಕೊಡುವಷ್ಟು ನೀರು ಇರಲಿಲ್ಲ. ಅದಕ್ಕೆ ಮೂರು ವರ್ಷದ ಸರದಿ ಮಾಡಿದರು: ಒಂದು ವರ್ಷ ಭತ್ತ, ಒಂದು ವರ್ಷ ಕಬ್ಬು, ಒಂದು ವರ್ಷ ಕಡಿಮೆ ನೀರಿನ ಬೆಳೆ. ನಮ್ಮ ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿ ನೆನಪಾಗುತ್ತದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದವರು, ಇಬ್ಬರ ಮುಂದೆಯೂ ಇದ್ದದ್ದು ಒಂದೇ ಬಗೆಯ ಸಮಸ್ಯೆ. ಇರುವ ನೀರಿಗೆ ತಕ್ಕಂತೆ ಬೆಳೆ ಎಂಬ ಆ ಶಿಸ್ತು ಮುಂದೆ ಎರಡೂ ಕಡೆ ಸಡಿಲವಾಯಿತು.

ಮುಂದೆ?

ಹಸಿರುಮನೆ ಅನಿಲಗಳಿಗೆ ಕಡಿವಾಣವೇ ಬೀಳದಿದ್ದರೆ ಏನಾಗಬಹುದು ಎಂದು ಅಲ್ಲಿನ ವಿಜ್ಞಾನಿಗಳು 2021ರಲ್ಲಿ ಒಂದು ಅಂದಾಜು ಕೊಟ್ಟರು. ನೆನಪಿರಲಿ, ಇದು ಅತಿ ಕೆಟ್ಟ ದಾರಿಯ ಲೆಕ್ಕ. ಶತಮಾನದ ಕೊನೆಗೆ ಉಷ್ಣತೆ ಇನ್ನೂ 3.4 ಡಿಗ್ರಿ ಏರಬಹುದು. ಬೇಸಿಗೆ 210 ದಿನ ಆಗಬಹುದು, ಚಳಿಗಾಲ ಸೊನ್ನೆಗೆ ಇಳಿಯಬಹುದು. ಸೊನ್ನೆ ಎಂದರೆ ಒಂದು ದಿನವೂ ಚಳಿ ಆಗುವುದಿಲ್ಲ ಎಂದಲ್ಲ. ಹಳೆಯ ಅಳತೆಯಲ್ಲಿ ಚಳಿಗಾಲ ಎನ್ನಿಸಿಕೊಳ್ಳುವಷ್ಟು ಉದ್ದಕ್ಕೆ ತಂಪು ನಿಲ್ಲುವುದಿಲ್ಲ ಎಂದು. ಟೈಫೂನ್‌ಗಳ ಸಂಖ್ಯೆ ಶತಮಾನದ ನಡುವಿಗೆ ಶೇ 15, ಕೊನೆಗೆ ಶೇ 55 ಕಡಿಮೆಯಾಗಬಹುದು. ಆದರೆ ಬರುವವುಗಳಲ್ಲಿ ಬಲಶಾಲಿಗಳ ಪಾಲು ಹೆಚ್ಚು, ಅವು ಸುರಿಸುವ ಮಳೆಯೂ ಹೆಚ್ಚು. ವರ್ಷದ ಮಳೆ ಶೇ 31ರಷ್ಟು ಜಾಸ್ತಿಯಾಗಬಹುದು ಎನ್ನುವ ಇದೇ ಅಂದಾಜು, ಸತತ ಒಣ ದಿನಗಳೂ ಶೇ 12ರಷ್ಟು ಹೆಚ್ಚುತ್ತವೆ ಎನ್ನುತ್ತದೆ.

ಉಷ್ಣತೆಯ ಅಂಕಿಗಳನ್ನು ನಂಬಬಹುದು. ಮಳೆಯವನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಇಷ್ಟು ಚಿಕ್ಕ, ಇಷ್ಟು ಕಡಿದಾದ ದ್ವೀಪದ ಮೇಲೆ ಮೋಡ ಎಲ್ಲಿ ಒಡೆಯುತ್ತದೆ ಎಂದು ಹೇಳುವುದು ಕಂಪ್ಯೂಟರ್ ಮಾದರಿಗಳಿಗೆ ಈಗಲೂ ಕಷ್ಟ. ಶೇ 31 ಎಂಬುದು 20 ಆಗಬಹುದು, 40 ಆಗಬಹುದು. ಆದರೆ ಸುರಿದರೆ ಜೋರು, ನಿಂತರೆ ಉದ್ದದ ಒಣ ದಿನಗಳು ಎಂಬ ದಿಕ್ಕು ದಾಖಲೆಯಲ್ಲಿ ಆಗಲೇ ಕಾಣುತ್ತಿರುವ ದಿಕ್ಕಿಗೆ ಹೊಂದುತ್ತದೆ. ನನಗೆ ಭಾರವಾಗಿ ಕಾಣುವುದು ಅದು.

ಈ ನಡುವೆ ಕೆಲಸಗಳು ನಡೆದಿವೆ. ಕಾವೋಸ್ಯುಂಗ್‌ನ ಫೆಂಗ್‌ಶಾನ್ ಘಟಕ ಚರಂಡಿ ನೀರನ್ನು ಶುದ್ಧ ಮಾಡಿ ದಿನಕ್ಕೆ 45,000 ಟನ್ ಕಾರ್ಖಾನೆಗಳಿಗೆ ಕೊಡುತ್ತದೆ. ಟಿಎಸ್‌ಎಂಸಿ ತೈನಾನ್‌ನಲ್ಲಿ ತನ್ನದೇ ಮರುಬಳಕೆ ಘಟಕ ಮಾಡಿಕೊಂಡಿದೆ. ಮನೆ ನೀರಿನ ದರ ಮಾತ್ರ ಈಗಲೂ ಬಹಳ ಅಗ್ಗ; ತೈಪೆ ಬಿಟ್ಟರೆ ಬೇರೆಡೆ ಅದನ್ನು ದಶಕಗಳಿಂದ ಏರಿಸಿಲ್ಲ. ಅದರ ಬದಲು 2023ರ ಫೆಬ್ರವರಿಯಿಂದ ತಿಂಗಳಿಗೆ 9,000 ಘನ ಮೀಟರ್ ಮೀರಿ ಬಳಸುವ ದೊಡ್ಡ ಗ್ರಾಹಕರಿಗೆ ಹೆಚ್ಚುವರಿ ಶುಲ್ಕ ಹಾಕಿದ್ದಾರೆ. ಅದು ವರ್ಷಪೂರ್ತಿ ಇಲ್ಲ, ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳಿಗೆ ಮಾತ್ರ. ಅಂದರೆ ಈ ಶುಲ್ಕವನ್ನು ಕಟ್ಟಿದ್ದು ವರ್ಷದ ಮೊತ್ತಕ್ಕಲ್ಲ, ಒಣ ತಿಂಗಳುಗಳಿಗೆ. ದರ ಘನ ಮೀಟರಿಗೆ 3 ತೈವಾನ್ ಡಾಲರ್, ನಮ್ಮ ಎಂಟೊಂಬತ್ತು ರೂಪಾಯಿ. ಚಿಪ್ ಕಂಪನಿಗಳ ಲಾಭದ ಮುಂದೆ ಅದು ಏನೂ ಅಲ್ಲ.